ಕಾರ್ಡಿನ ಮೂಲೆಯ ಕೆಂಪು ಚುಕ್ಕಿ

ನಿವೃತ್ತಿಯ ದಿನ ನನಗೆ ಹೊದಿಸಿದ ಶಾಲು ಇನ್ನೂ ಪ್ಲಾಸ್ಟಿಕ್ ಚೀಲದಲ್ಲೇ ಇದೆ. ಅವತ್ತು ಎದ್ದು ನಿಂತವರೆಲ್ಲ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಶಕುಂತಲಾ ಮೇಡಂ ಬಂಗಾರ ಸಾಲದ ವಿಭಾಗದಲ್ಲೇ ಇಡೀ ಸರ್ವಿಸ್ ಕಳೆದರು, ಒಂದು ಗುಂಜಿ ಬಂಗಾರ ಆಚೀಚೆ ಆಗಲಿಲ್ಲ ಅಂದರು. ಅದೇನೂ ಸುಳ್ಳಲ್ಲ. ಬಂಗಾರ ಆಚೀಚೆ ಆಗಲಿಲ್ಲ. ಆದದ್ದು ಇಬ್ಬರು ಹೆಣ್ಣುಮಕ್ಕಳ ಬಾಳು. ಆ ಮಾತನ್ನು ಅಲ್ಲಿ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹಾರ ಹಾಕಿಸಿಕೊಂಡು, ಉಪ್ಪಿಟ್ಟು ತಿಂದು ಮನೆಗೆ ಬಂದೆ.

ಈಗ ನವನಗರದ ನಮ್ಮ ಓಣಿಯಲ್ಲಿ ಎಂಬಿಎ ಓದುವ ಮಕ್ಕಳು ಬೇಸಿಗೆ ಬಂತೆಂದರೆ ನನ್ನ ಹತ್ತಿರ ಬರುತ್ತಾರೆ. "ಆಂಟಿ, ಬ್ಯಾಂಕಿನ್ಯಾಗ ಎರಡು ತಿಂಗಳ ಇಂಟರ್ನ್‌ಶಿಪ್ ಸಿಕ್ಕೈತ್ರಿ. ಏನೇನು ನೋಡಿಕೊಂಡು ಹೋಗಬೇಕು?" ಅಂತ ಕೇಳುತ್ತಾರೆ. ಬಡ್ಡಿ ಹೇಗೆ ಹಾಕುತ್ತಾರೆ, ಲಿಲಾವಿಗೆ, ಅಂದರೆ ಹರಾಜಿಗೆ, ಮುಂಚೆ ಎಷ್ಟು ನೋಟಿಸು ಕೊಡಬೇಕು ಎಂದು ನಾಲ್ಕು ಮಾತು ಹೇಳಿ, ಚಹಾ ಕುಡಿಸಿ ಕಳಿಸುತ್ತೇನೆ. ನಿಜಕ್ಕೂ ಹೇಳಬೇಕಾದದ್ದನ್ನು ಹೇಳುವುದಿಲ್ಲ. ಅದನ್ನು ಇಲ್ಲಿ ಬರೆಯುತ್ತೇನೆ. ನನ್ನ ಬಡ್ತಿ, ವರ್ಗಾವಣೆ ಯಾರಿಗೆ ಬೇಕು, ಬಿಡಿ.

ನಾನು ಸೇರಿದಾಗ ನಮ್ಮ ಸಹಕಾರಿ ಬ್ಯಾಂಕು ಹುಬ್ಬಳ್ಳಿಯ ಪೇಟೆಯೊಳಗೆ ಒಂದು ಹಳೇ ಕಟ್ಟಡದ ಮೇಲಿನ ಅಂತಸ್ತಿನಲ್ಲಿತ್ತು. ಕೆಳಗೆ ಖಾದರ್ ಮಾಸ್ತರ ಹೊಲಿಗೆ ಅಂಗಡಿ. ಮೇಲೆ ನಾವು, ಒಬ್ಬ ಪತ್ತಾರ, ಒಂದು ತಕ್ಕಡಿ, ಒಂದು ಕಬ್ಬಿಣದ ತಿಜೋರಿ. ಪತ್ತಾರ ಒರೆ ಹಚ್ಚಿ ಬಂಗಾರ ನೋಡುವನು, ನಾನು ಒಬ್ಬೊಬ್ಬ ಗಿರಾಕಿಗೆ ಒಂದೊಂದು ದಪ್ಪ ಕಾರ್ಡು ಬರೆದು ಹೆಸರು, ವಿಳಾಸ, ತೂಕ, ಸಾಲ ತುಂಬುವೆನು. ಮ್ಯಾನೇಜರು ಮುನವಳ್ಳಿ ಸಾಹೇಬರು. ದಪ್ಪ ಕನ್ನಡಕ, ಸಿಡುಕು ಮುಖ. ಯಾರ ಎದುರಿಗೆ ಬೇಕಾದರೂ ಬೈಯುವರು. ಸುಳ್ಳು ಹೇಳಬಾರದು, ಮೊದಲ ವರ್ಷ ನಾನು ಅವರನ್ನು ಮನಸ್ಸಿನಲ್ಲೇ ಶಪಿಸದ ದಿನವಿಲ್ಲ.

ನನ್ನ ಮೊದಲ ದೊಡ್ಡ ತಪ್ಪು ಒಂದು ಅಂಚೆ ಪತ್ರ. ಒಬ್ಬ ಹೆಣ್ಣುಮಗಳ ಬಡ್ಡಿ ಬಾಕಿ ಇತ್ತು. ನೀವು ಅಡವಿಟ್ಟ ಪಾಟ್ಲಿ ಬಳೆಯ ಬಡ್ಡಿ ಕಟ್ಟಿರಿ ಎಂದು ನಾಲ್ಕು ಸಾಲು ಬರೆದು ಅಂಚೆಗೆ ಹಾಕಿದೆ. ದುಂಡಗಿನ ಅಕ್ಷರದಲ್ಲಿ ಬರೆದಿದ್ದೇನೆಂದು ನನಗೇ ಹೆಮ್ಮೆ. ಒಂದು ವಾರಕ್ಕೆ ಆಕೆ ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡು ಬಂದಳು. ಸೆರಗು ಸರಿಸಿದಾಗ ಕೆನ್ನೆ ಬಾತುಕೊಂಡಿತ್ತು.

"ಅಕ್ಕಾರ, ನೀವು ನಾಕು ಸಾಲು ಬರದು ಹಾಕಿದ್ರಿ. ಅದನ್ನ ನಮ್ಮ ಮಾವ ಓದಿಸಿ ಕೇಳಿದ್ರು. ನಾ ಪಾಟ್ಲಿ ಇಟ್ಟದ್ದು ನಮ್ಮನ್ಯಾಗ ಯಾರಿಗೂ ಗೊತ್ತಿರಲಿಲ್ಲ" ಅಂದಳು.

ಮುನವಳ್ಳಿ ಸಾಹೇಬರು ಒಳಗಿನಿಂದ ಎದ್ದು ಬಂದರು. ಈಗ ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅವರು ಆಕೆಯ ಮುಂದೆ ಕೈಮುಗಿದು, "ತಪ್ಪು ಈ ಹುಡುಗೀದಲ್ಲ ತಂಗಿ, ನಂದು. ನಾನೇ ಆಕಿಗೆ ಹೇಳಿಕೊಟ್ಟಿರಲಿಲ್ಲ" ಅಂದರು. ಇಡೀ ಆಫೀಸಿನ ಎದುರಿಗೆ ಅಂದರು. ಆಮೇಲೆ ಒಳಗೆ ಕರೆದು ನನಗೆ ಚೆನ್ನಾಗಿ ಬೈದರು, ಅದು ಬೇರೆ.

ಅವತ್ತಿನಿಂದ ಒಂದು ಪದ್ಧತಿ ಬಂತು. ಅಡವಿಡಲು ಬಂದ ಹೆಣ್ಣುಮಗಳನ್ನು ನಾನು ಮೆಲ್ಲಗೆ, "ಮನ್ಯಾಗ ಗೊತ್ತೈತೇನವ್ವಾ?" ಎಂದು ಕೇಳುತ್ತಿದ್ದೆ. ಇಲ್ಲ ಅಂದವರ ಕಾರ್ಡಿನ ಬಲಮೂಲೆಯಲ್ಲಿ ಕೆಂಪು ಪೆನ್ಸಿಲ್ಲಿನಿಂದ ಸಾಸಿವೆಯಷ್ಟು ಚುಕ್ಕಿ. ಚುಕ್ಕಿ ಇದ್ದವರ ಮನೆಗೆ ಪತ್ರ ಹಾಕುವುದಿಲ್ಲ, ಆಳು ಕಳಿಸುವುದಿಲ್ಲ. ತುರ್ತು ಬಿದ್ದರೆ ಖಾದರ್ ಮಾಸ್ತರ ಹೆಸರು ಹೇಳಿ ಸುದ್ದಿ ಮುಟ್ಟಿಸುವುದು: "ನಿಮ್ಮ ಹೊಲಿಗಿ ತಯಾರಾಗೈತಿ, ಬಂದು ಒಯ್ಯಬೇಕಂತ." ಮನೆಮನೆಗೆ ಫೋನು ಬಂದ ಮೇಲೂ ಅದೇ ಮಾತು. ಗಂಡ ಫೋನ್ ಎತ್ತಿದರೆ ನಾನು ದನಿ ಗಡುಸು ಮಾಡಿಕೊಂಡು, "ಟೇಲರ್ ಅಂಗಡಿಯಿಂದ ಮಾತಾಡಾಕತ್ತೇನ್ರಿ. ನಿಮ್ಮ ಮನಿಯವರ ಜಂಪರ ತಯಾರಾಗಿ ಹದಿನೈದು ದಿನ ಆತು, ಒಯ್ಯೂದಿಲ್ಲಂದ್ರ ಹ್ಯಾಂಗ?" ಎಂದು ಗದರಿಸುತ್ತಿದ್ದೆ. ಮರುದಿನವೇ ಆಕೆ ಬಡ್ಡಿ ಹಿಡಿದುಕೊಂಡು ಹಾಜರು! ಖಾದರ್ ಮಾಸ್ತರು ನಗುತ್ತ, "ಅಕ್ಕಾರ, ನಾ ಹೊಲೀಲಾರದ ಜಂಪರ ಊರ ತುಂಬಾ ಅದಾವ" ಅನ್ನುತ್ತಿದ್ದರು.

ಈ ಹೆಣ್ಣುಮಕ್ಕಳು ಬಂಗಾರ ಕದ್ದು ತಂದವರಲ್ಲ. ತಮ್ಮ ಮೈಮೇಲಿನದನ್ನೇ ತಂದವರು. ತಾಯಿಯ ಆಪರೇಶನ್, ತಮ್ಮನ ಫೀ, ಒಮ್ಮೊಮ್ಮೆ ಗಂಡನದೇ ಆಸ್ಪತ್ರೆ ಬಿಲ್ಲು. ಮನೆಯಲ್ಲಿ ಸಂಶಯ ಬರಬಾರದೆಂದು ಒನ್ ಗ್ರಾಂ ಬಂಗಾರದ್ದು ಅಂತ ಪೇಟೆಯಲ್ಲಿ ಸಿಗುತ್ತದಲ್ಲ, ಆ ಹೊಳೆಯುವ ನಕಲಿ ಸರ ಹಾಕಿಕೊಂಡು ಓಡಾಡುವರು. ಹಬ್ಬದ ದಿನ ಅತ್ತೆಯ ಮುಂದೆ ಕುತ್ತಿಗೆ ಮುಚ್ಚಿಕೊಂಡು ಬಡಿಸುವರು.

ಮುಂದೆ ಕಂಪ್ಯೂಟರು ಬಂತು. ಕಾರ್ಡುಗಳಲ್ಲಿ ಇದ್ದದ್ದೆಲ್ಲ ಅದರೊಳಗೆ ಹೋಯಿತು. ಹೆಸರಿಗೊಂದು ಕಾಲಂ, ತೂಕಕ್ಕೊಂದು ಕಾಲಂ. "ಈ ಚುಕ್ಕಿ ಎಲ್ಲಿ ಹಾಕೂದ್ರಿ?" ಎಂದು ಕೇಳಿದೆ. ಸಾಫ್ಟ್‌ವೇರ್ ಕೂರಿಸಲು ಬಂದವರು, "ಮೇಡಂ, ಚುಕ್ಕಿ ರಂಗೋಲಿಗೆ ಹಾಕ್ರಿ" ಎಂದು ನಕ್ಕರು. ನನಗೆ ರೇಗಿತು. ಬೇಡವಾದರೆ ಬಿಡಿ, ನನ್ನ ತಲೆಯಲ್ಲಿದೆ ಅಂದುಕೊಂಡೆ. ಖರೇನೇ ನನ್ನ ತಲೆಯಲ್ಲಿತ್ತು. ಯಾರಿಗೆ ಫೋನ್ ಮಾಡಬೇಕಿದ್ದರೂ ಮೊದಲು ನನ್ನನ್ನು ಕೇಳಬೇಕು, ಹಾಗೆ ಇಟ್ಟುಕೊಂಡಿದ್ದೆ. ಹಳೇ ಕಾರ್ಡುಗಳು ಒಂದು ಟ್ರಂಕು ಸೇರಿದವು.

ನನ್ನ ನಿವೃತ್ತಿಗೆ ಐದಾರು ತಿಂಗಳಿತ್ತು. ಆ ಬೇಸಿಗೆಯಲ್ಲಿ ಧಾರವಾಡದ ಕಾಲೇಜಿನಿಂದ ನಾಲ್ವರು ಎಂಬಿಎ ವಿದ್ಯಾರ್ಥಿಗಳು ಎಂಟು ವಾರದ ಇಂಟರ್ನ್‌ಶಿಪ್‌ಗೆ ಬಂದರು. ಅವರಲ್ಲಿ ಚೆನ್ನಾಗಿ ಮಾಡಿದ ಒಬ್ಬರನ್ನು ಓದು ಮುಗಿದ ಕೂಡಲೇ ನೌಕರಿಗೆ ತೆಗೆದುಕೊಳ್ಳುತ್ತೇವೆ ಎಂದು ಹೆಡ್ ಆಫೀಸಿನವರು ಬರೆದು ಕೊಟ್ಟಿದ್ದರು. ನನ್ನ ವಿಭಾಗಕ್ಕೆ ಬಂದವಳು ಸುಜಾತಾ. ಉಪ್ಪಿನಬೆಟಗೇರಿಯವಳು. ತಂದೆ ಶಾಲೆಯ ಮಾಸ್ತರು. ಊರಿನಿಂದ ಧಾರವಾಡಕ್ಕೆ ಒಂದು ಬಸ್ಸು, ಅಲ್ಲಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸು. ಆದರೂ ನಾನು ಬರುವ ಮೊದಲೇ ಬಾಗಿಲಲ್ಲಿ ನಿಂತಿರುವಳು.

ಉಳಿದ ಮೂವರಿಗೂ ಯಾರೋ ಒಬ್ಬ ಡೈರೆಕ್ಟರರ ಗುರುತಿತ್ತು. ಇವಳಿಗೆ ಯಾರೂ ಇರಲಿಲ್ಲ. ಮೊದಲ ದಿನವೇ ಕೇಳಿದ್ದೆ, "ಯಾರ ಕಡಿಂದ ಬಂದೀಯವ್ವಾ?"

"ಯಾರ ಕಡಿಂದನೂ ಇಲ್ರಿ ಮೇಡಂ. ಮಾರ್ಕ್ಸ್ ಮ್ಯಾಲೆ ಹಾಕ್ಯಾರ" ಅಂದಳು. ಆಮೇಲೆ ತಾನೇ ಹೇಳಿದಳು, "ಈ ನೌಕರಿ ಸಿಕ್ರ ಮನ್ಯಾಗ ಇದ್ದು ಅಡ್ಡಾಡಬೌದ್ರಿ. ನಮ್ಮ ಅವ್ವನ ಬಂಗಾರ ನನ್ನ ಫೀಗೆ ಅಡ ಐತಿ. ಮೊದಲ ಪಗಾರದಾಗ ಅದನ್ನ ಬಿಡಿಸಬೇಕು."

"ನಿಮ್ಮ ಅಪ್ಪಾಗ ಗೊತ್ತೈತೇನು?" ಎಂದು ರೂಢಿಯ ಮೇಲೆ ಕೇಳಿಬಿಟ್ಟೆ.

ಆಕೆ ನನ್ನ ಮುಖ ನೋಡಿದಳು. "ಅಪ್ಪಾನೇ ಜೋಡಿ ಹೋಗಿ ಇಟ್ಟು ಬಂದಾರಲ್ರಿ. ನಮ್ಮನ್ಯಾಗ ಎಲ್ಲಾರೂ ಕುಂತು ಮಾತಾಡಿ ಇಟ್ಟದ್ದು." ಅಂಥ ಮನೆಯಲ್ಲಿ ಬೆಳೆದ ಹುಡುಗಿ. ನಮ್ಮ ಚುಕ್ಕಿ ಹುಟ್ಟಿದ ಮನೆಗಳು ಅವಳಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಡಬೇಕಾದವಳು ನಾನು.

ಇಂಟರ್ನ್‌ಶಿಪ್ ಅಂದರೆ ಎರಡು ಕಾಗದದ ಕೆಲಸ ಇರುತ್ತದೆ. ಒಂದು, ತರಬೇತಿಯ ಹಾಳೆ. ನಿಯಮಗಳ ಪಟ್ಟಿ ಅದರಲ್ಲಿರುತ್ತದೆ. ಒಂದೊಂದನ್ನೂ ವಿವರಿಸಿ ಟಿಕ್ ಹಾಕಬೇಕು, ಕೆಳಗೆ ಹೇಳಿದವರದೂ ಕೇಳಿದವರದೂ ಸಹಿ. ಗಿರಾಕಿಯ ಸಾಲದ ವಿಷಯ ಬೇರೆಯವರ ಮುಂದೆ ಎತ್ತಬಾರದು ಅನ್ನುವುದೂ ಅದರಲ್ಲಿತ್ತು. ನಾನು ಎಲ್ಲ ಕಡೆ ಸರಸರ ಟಿಕ್ ಹೊಡೆದು, "ಇಲ್ಲಿ ಸಹಿ ಮಾಡು" ಅಂದೆ. ಮಾಡಿದಳು. ಎಲ್ಲರೂ ಹಾಗೇ ಮಾಡುತ್ತಿದ್ದೆವು. ಇನ್ನೊಂದು, ಕಾಲೇಜಿನವರು ಕೊಟ್ಟ ಡೈರಿ. ಒಂದು ದಿನಕ್ಕೆ ಒಂದು ಪುಟ. ಮೇಲೆ "ಇಂದು ಮಾಡಿದ ಕೆಲಸ", ಕೆಳಗೆ "ಇಂದು ಕಲಿತದ್ದು". ಸಂಜೆ ನಾನು ಓದಿ ಸಹಿ ಮಾಡಬೇಕು. ನಾನು ಸಹಿಯನ್ನಷ್ಟೇ ಮಾಡುತ್ತಿದ್ದೆ. ಬಸ್ಸಿನ ಹೊತ್ತಾಗುತ್ತಿತ್ತು.

ಹುಡುಗಿ ಚುರುಕು ಅಂದರೆ ಚುರುಕು. ಲಿಲಾವಿಗೆ ಬಂದ ಸಾಲಗಳ ಪಟ್ಟಿ ಮಾಡಲು ನಾನು ಒಂದು ತಿಂಗಳು ಹೆಣಗುತ್ತಿದ್ದೆ. ಅವಳು ಕಂಪ್ಯೂಟರಿನಲ್ಲಿ ಏನೇನೋ ಒತ್ತಿ ನಾಲ್ಕು ದಿನದಲ್ಲಿ ಮುಗಿಸಿದಳು. ನಮ್ಮ ಹೊಸ ಮ್ಯಾನೇಜರ್ ವಿನಾಯಕ ನನ್ನ ಮಗನಿಗಿಂತ ಚಿಕ್ಕವನು. ಅವನು ಎಲ್ಲರ ಎದುರಿಗೆ, "ಮೇಡಂ, ಇಷ್ಟು ವರ್ಷ ನೀವು ಇದಕ್ಕ ತಿಂಗಳುಗಟ್ಟಲೆ ತೊಗೋತಿದ್ರಿ ನೋಡ್ರಿ" ಎಂದು ನಕ್ಕ. ಸುಜಾತಾ ನಗಲಿಲ್ಲ. ತಲೆ ತಗ್ಗಿಸಿದಳು. ಆದರೂ ನನ್ನ ಹೊಟ್ಟೆಯೊಳಗೆ ಬೆಂಕಿ ಬಿತ್ತು. ಹೌದು, ಹೊಟ್ಟೆಕಿಚ್ಚೇ. ನಿವೃತ್ತಿಯ ಅಂಚಿಗೆ ಬಂದ ಹೆಂಗಸಿಗೆ ಮಗಳ ವಯಸ್ಸಿನವಳ ಮೇಲೆ ಹೊಟ್ಟೆಕಿಚ್ಚು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ.

ಅದೇ ವಾರ ಟ್ರಂಕಿನಿಂದ ಹಳೇ ಕಾರ್ಡು ತೆಗೆದು ಧೂಳು ಜಾಡಿಸುತ್ತಿದ್ದೆವು. ಸುಜಾತಾ ಒಂದು ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮತ್ತೊಂದು ತೆಗೆದಳು. "ಮೇಡಂ, ಕೆಲವೊಂದಕ್ಕ ಮೂಲ್ಯಾಗ ಕೆಂಪು ಚುಕ್ಕಿ ಐತ್ರಿ. ಇದೇನ್ರಿ?"

ಇಷ್ಟು ವರ್ಷದಲ್ಲಿ ಆ ಚುಕ್ಕಿಯನ್ನು ತಾನಾಗಿ ಗುರುತಿಸಿ ಕೇಳಿದವಳು ಅವಳೊಬ್ಬಳೇ. ಹೇಳಲು ಬಾಯಿ ತೆರೆದೆ. ಇದೊಂದು ವಿದ್ಯೆಯಾದರೂ ನನ್ನ ಹತ್ತಿರ ಇರಲಿ, ಎಲ್ಲವನ್ನೂ ಇವಳ ಕಂಪ್ಯೂಟರೇ ನುಂಗುವುದು ಬೇಡ ಅನ್ನಿಸಿತು.

"ಏನಿಲ್ಲ, ಪೆನ್ಸಿಲ್ ತಾಗಿರಬೇಕು" ಅಂದೆ.

"ಇಷ್ಟೊಂದಕ್ಕ ತಾಗೈತೇನ್ರಿ?"

"ತಾಗೈತಿ. ನೀ ಜಾಡಿಸು" ಅಂದೆ, ಗಡುಸಾಗಿ. ಅವಳು ಮತ್ತೆ ಕೇಳಲಿಲ್ಲ.

ಲಿಲಾವಿನ ಮುಂಚೆ ಪಟ್ಟಿಯಲ್ಲಿದ್ದ ಪ್ರತಿಯೊಬ್ಬರಿಗೂ ಫೋನ್ ಮಾಡಿ, ಏನು ಉತ್ತರ ಬಂತೆಂದು ಬರೆದಿಡಬೇಕೆಂದು ಹೆಡ್ ಆಫೀಸಿನ ಹೊಸ ಕಟ್ಟಳೆ. ಆ ಪಟ್ಟಿಯಲ್ಲಿ ರಾಯಾಪುರದ ಮಹಾದೇವಿಯ ಹೆಸರಿತ್ತು. ಬೋರಮಾಳ ಸರ ಇಟ್ಟಿದ್ದಳು, ತಂಗಿಯ ನರ್ಸಿಂಗ್ ಓದಿಗೆಂದು. ತಾಯಿತಂದೆ ಇಲ್ಲದ ತಂಗಿ. ಕಾಳಿನ ವ್ಯಾಪಾರದ ಮನೆ, ಗಂಡ ಜಬರದಸ್ತ್ ಮನುಷ್ಯ. ಅವಳು ಬಂದದ್ದು ಕಂಪ್ಯೂಟರು ಬಂದ ಮೇಲೆ, ಅವಳ ಚುಕ್ಕಿ ಇದ್ದದ್ದು ನನ್ನ ತಲೆಯಲ್ಲಿ ಮಾತ್ರ. ಆಗ ಅವಳ ಹತ್ತಿರ ಮೊಬೈಲ್ ಇರಲಿಲ್ಲ, ಗಂಡನ ನಂಬರನ್ನೇ ಬರೆಸಿದ್ದಳು. ಪಟ್ಟಿ ನೋಡಿದಾಗ ಸೋಮವಾರ ನಾನೇ ಟೇಲರ್ ಅಂಗಡಿಯವಳಾಗಿ ಮಾತಾಡಿದರಾಯಿತು ಅಂದುಕೊಂಡೆ.

ಶನಿವಾರ ಬೆಳಿಗ್ಗೆ ಆಡಿಟ್‌ಗೆಂದು ಧಾರವಾಡದ ಶಾಖೆಗೆ ನನ್ನನ್ನು ದಿಢೀರನೆ ಕರೆದರು. ಚೀಲ ಹೆಗಲಿಗೆ ಹಾಕಿಕೊಂಡು ಹೊರಟಿದ್ದೆ. ಸುಜಾತಾ ಪಟ್ಟಿ ಹಿಡಿದು ಬಾಗಿಲವರೆಗೂ ಬಂದಳು. "ವಿನಾಯಕ ಸರ್ ಇವತ್ತೇ ಮುಗಸು ಅಂದಾರ್ರಿ. ಎಲ್ಲಾರಿಗೂ ಮಾಡಲೇನ್ರಿ ಮೇಡಂ?"

"ಎಲ್ಲಾರಿಗೂ ಮಾಡವ್ವಾ, ಎಷ್ಟು ಸರ್ತಿ ಕೇಳ್ತಿ!" ಅಂದು ಮೆಟ್ಟಿಲಿಳಿದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ರಾಯಾಪುರ ದಾಟಿದಾಗಲೂ ನನಗೆ ನೆನಪಾಗಲಿಲ್ಲ.

ಅವಳು ಫೋನಿನಲ್ಲಿ ಆಡಿದ ಮಾತನ್ನು ಆಮೇಲೆ ವಿಚಾರಣೆಯಲ್ಲಿ ಅಕ್ಷರ ಬಿಡದೆ ಹೇಳಿದಳು. "ನಮಸ್ಕಾರ್ರಿ, ಬ್ಯಾಂಕಿನಿಂದ ಮಾತಾಡಾಕತ್ತೇನಿ. ಮಹಾದೇವಿ ಅವರು ಅದಾರೇನ್ರಿ?" ಆ ಕಡೆಯಿಂದ, "ಇಲ್ಲೇ ಹೊರಗ ಹೋಗ್ಯಾಳ. ನಾ ಆಕಿ ಗಂಡ, ಏನದು ಹೇಳ್ರಿ." ಗಂಡನಿಗೆ ಗೊತ್ತಿಲ್ಲದ ಬಂಗಾರವೂ ಇರುತ್ತದೆಂದು ಅವಳಿಗೆ ಯಾರು ಹೇಳಿದ್ದರು? "ಅವರು ಅಡ ಇಟ್ಟ ಬೋರಮಾಳ ಲಿಲಾವಿಗೆ ಬಂದೈತ್ರಿ. ಬಡ್ಡಿ ಕಟ್ಟಿದ್ರ ಉಳೀತೈತಿ, ದಯವಿಟ್ಟು ಲಗೂ ಬರ್ರಿ" ಅಂದಳು. ಸರ ಉಳಿಯಲಿ ಎಂದೇ ಅಷ್ಟು ಕಳಕಳಿಯಿಂದ ಹೇಳಿದ್ದಳು. ಪಟ್ಟಿಯಲ್ಲಿ "ಪತಿಗೆ ತಿಳಿಸಲಾಗಿದೆ" ಎಂದು ಬರೆದಳು.

ಸೋಮವಾರ ಹತ್ತೂವರೆಗೆ ಅವನು ಬಂದ. ಹಿಂದೆ ಮಹಾದೇವಿ. ಕೌಂಟರಿನ ಮೇಲೆ ಒಂದು ಸರ ಎಸೆದ. ನಕಲಿ ಬೋರಮಾಳ.

"ಇದನ್ನ ತೂಕ ಮಾಡ್ರಿ" ಅಂದ. "ಮಾಡ್ರೀ! ಮೂರು ವರ್ಷ ನನ್ನ ಕಣ್ಣಿಗೆ ಮಣ್ಣು ಹಾಕಿದ್ದು ಎಷ್ಟು ತೂಕ ಐತಿ, ನೋಡೂಣು!"

ಪತ್ತಾರ ತಲೆ ಎತ್ತಲಿಲ್ಲ. ಸಾಲ ತೀರಿಸಲು ಬಂದ ನಾಲ್ಕೈದು ಜನ ಗಿರಾಕಿಗಳು ಗೋಡೆಗೆ ಸರಿದು ನಿಂತರು. ಮಹಾದೇವಿ ಬರಿಗೊರಳಲ್ಲಿ ನಿಂತಿದ್ದಳು. ಅಳುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಅವನು ಸಾಲ, ಬಡ್ಡಿ ಎಲ್ಲ ಎಣಿಸಿ ಇಟ್ಟ. ಬಂಗಾರ ಬಿಡಿಸಲು ಅವಳ ಸಹಿ ಬೇಕು. ಸಹಿ ಮಾಡುವಾಗ ನನಗಷ್ಟೇ ಕೇಳುವಂತೆ, "ಅಕ್ಕಾರ, ಟೇಲರ್ ಅಂಗಡಿ ಅಂತೀರಿ ಅಂತ ಮಾಡಿದ್ದೆ" ಅಂದಳು.

ಅವನು ಸರವನ್ನು ಜೇಬಿಗೆ ಹಾಕಿಕೊಂಡು, "ನೀ ತವರಿಗೆ ನಡಿ. ತಂಗಿ ಗಳಿಸಿ ಹಾಕ್ತಾಳ, ತಿನ್ನು" ಎಂದು ಮೆಟ್ಟಿಲಿಳಿದ. ಅವಳಿಗೆ ತವರಂತ ಇದ್ದದ್ದು ಒಬ್ಬ ಚಿಕ್ಕಪ್ಪನ ಮನೆ. ಆ ನಕಲಿ ಸರ ಕೌಂಟರಿನ ಮೇಲೇ ಉಳಿಯಿತು. ಸುಜಾತಾ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಓಡಿದಳು. ಸ್ವಲ್ಪ ಹೊತ್ತಿಗೆ ಹಾಗೇ ತಿರುಗಿ ಬಂದಳು. "ತೊಗೊಳ್ಳಲಿಲ್ರಿ" ಅಂದಳು. "ಮೇಡಂ, ನಾ ಏನು ತಪ್ಪು ಮಾಡಿದ್ನ್ರಿ?"

ನೀರು ಕುಡಿದು ಬಾ ಅಂದೆ.

ಮಹಾದೇವಿಯ ಚಿಕ್ಕಪ್ಪ ದೂರು ಬರೆದ. ಸಾಲ ನಮ್ಮ ಹುಡುಗಿಯದು, ಅದನ್ನು ಬೇರೆಯವರಿಗೆ ಹೇಳಲು ನಿಮಗೆ ಯಾರು ಅಧಿಕಾರ ಕೊಟ್ಟರು ಎಂದು. ನ್ಯಾಯದ ಮಾತು. ಹೆಡ್ ಆಫೀಸಿನಿಂದ ಒಬ್ಬ ಅಧಿಕಾರಿ ಬಂದರು. ಮ್ಯಾನೇಜರ ಕೋಣೆಯಲ್ಲಿ ಮೇಜಿನ ಈಚೆ ನಾನು ಮತ್ತು ಸುಜಾತಾ, ಆಚೆ ಅವರು ಮತ್ತು ವಿನಾಯಕ. ಸುಜಾತಾಳ ತೊಡೆಯ ಮೇಲೆ ಅವಳ ಡೈರಿ ಇತ್ತು. ಎರಡೂ ಕೈಯನ್ನು ಅದರ ಮೇಲೆ ಇಟ್ಟುಕೊಂಡಿದ್ದಳು.

ಅಧಿಕಾರಿ ತರಬೇತಿಯ ಹಾಳೆ ತೆಗೆದು ಮೇಜಿನ ಮೇಲಿಟ್ಟರು. "ಶಕುಂತಲಾ ಮೇಡಂ, ಈ ನಿಯಮ ನೀವು ಈಕಿಗೆ ವಿವರಿಸಿ ಹೇಳಿದ್ರೇನ್ರಿ? ಟಿಕ್ ನಿಮ್ಮದೇ ಐತಿ."

ಮುನವಳ್ಳಿ ಸಾಹೇಬರು ನೆನಪಾದರು. ದೇವರಾಣೆ, ನೆನಪಾದರು. ಎಲ್ಲರೆದುರು ಕೈಮುಗಿದು ನಿಂತ ಆ ಸಿಡುಕು ಮುಖ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ನನ್ನ ಗ್ರಾಚ್ಯುಯಿಟಿ ಬಂತು, ನಿವೃತ್ತಿಯ ಹೊಸ್ತಿಲಲ್ಲಿ ಮೆಮೊ ತಿಂದಳು ಅನ್ನುವ ಜನರ ಬಾಯಿ ಬಂತು.

"ಹೌದ್ರಿ. ಹೇಳಿದ್ದೆ" ಅಂದೆ.

ಸುಜಾತಾ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ. ಶಾಲೆಯಲ್ಲಿ ಉತ್ತರ ಗೊತ್ತಿರುವ ಮಗು ಮಾಸ್ತರು ಕೇಳಲೆಂದು ಕಾಯುತ್ತದಲ್ಲ, ಹಾಗೆ ನೋಡುತ್ತಿದ್ದಳು. ಅಧಿಕಾರಿ ಅವಳನ್ನು ಕೇಳಿದರು, "ಏನಮ್ಮಾ, ಹೇಳಿದ್ರೇನು?"

ಅವಳು ತೊಡೆಯ ಮೇಲಿನ ಡೈರಿಯನ್ನು ಒಮ್ಮೆ ನೋಡಿದಳು. ಆಮೇಲೆ, "ಮೇಡಂ ಹೇಳಿದ್ದೆ ಅಂತಾರಂದ್ರ ಹೇಳಿರಬೇಕ್ರಿ. ನನಗ ನೆನಪಿಲ್ಲ" ಅಂದಳು.

ಅಲ್ಲಿಗೆ ಮುಗಿಯಿತು. ಅವಳ ಪ್ರಮಾಣಪತ್ರದಲ್ಲಿ "ಗಿರಾಕಿಯ ಗೋಪ್ಯತೆ ಕಾಪಾಡುವಲ್ಲಿ ವಿಫಲ, ಕೆಲಸ ತೃಪ್ತಿಕರವಲ್ಲ" ಎಂದು ಬರೆದರು. ಮಾರ್ಗದರ್ಶಕಿ ಎಂದು ಕೆಳಗೆ ನನ್ನ ಸಹಿ. ಆ ಕಾಗದ ನೋಡಿ ಕಾಲೇಜಿನವರು ಇಂಟರ್ನ್‌ಶಿಪ್ಪನ್ನು ಒಪ್ಪಲಿಲ್ಲ, ಮುಂದಿನ ಬೇಸಿಗೆಗೆ ಮತ್ತೆ ಮಾಡಬೇಕಾಯಿತು. ಒಂದು ವರ್ಷ ಹೋಯಿತು. ನೌಕರಿ ಉಳಿದ ಮೂವರಲ್ಲಿ ಒಬ್ಬನಿಗೆ ಸಿಕ್ಕಿತು. ಪಾಪ, ಅವನೂ ಒಳ್ಳೆಯ ಹುಡುಗನೇ. ನನ್ನ ಬೀಳ್ಕೊಡುಗೆಗೆ ಕಾಲೇಜಿನಿಂದ ಹಾರ ಹಿಡಿದುಕೊಂಡು ಬಂದವನು ಅವನೇ.

ಬೀಳ್ಕೊಡುಗೆಯ ದಿನವೇ ಮೇಜಿನ ಡ್ರಾವರ್ ಖಾಲಿ ಮಾಡುವಾಗ ಆ ಡೈರಿ ಸಿಕ್ಕಿತು. ಕೊನೆಯ ದಿನ ಸಹಿಗೆಂದು ಇಟ್ಟು ಹೋದವಳು ತಿರುಗಿ ಒಯ್ಯಲು ಬಂದಿರಲಿಲ್ಲ. ಮೊದಲ ಸಲ ಕುಳಿತು ಓದಿದೆ. ಎಷ್ಟು ಅಚ್ಚುಕಟ್ಟಾದ ಅಕ್ಷರ! ಧೂಳು ಜಾಡಿಸಿದ ದಿನದ ಪುಟದಲ್ಲಿ ಹೀಗಿತ್ತು: "ಕೆಲವು ಹಳೆಯ ಕಾರ್ಡುಗಳ ಮೂಲೆಯಲ್ಲಿ ಕೆಂಪು ಚುಕ್ಕಿ ಇದೆ. ಎಲ್ಲವೂ ಮಹಿಳೆಯರ ಕಾರ್ಡುಗಳು. ಮೇಡಂ ಅವರನ್ನು ಕೇಳಿದೆ. ಪೆನ್ಸಿಲ್ ತಾಗಿದ್ದು ಎಂದರು. ಬೇರೆ ಏನೋ ಕಾರಣ ಇರಬಹುದು, ಮೇಡಂಗೆ ಬಿಡುವಾದಾಗ ಮತ್ತೆ ಕೇಳಬೇಕು." ಅದರ ಕೆಳಗೆ ನನ್ನ ಸಹಿ. ವಿಚಾರಣೆಯ ದಿನದ ಪುಟದಲ್ಲಿ "ಇಂದು ಮಾಡಿದ ಕೆಲಸ: ವಿಚಾರಣೆಗೆ ಹಾಜರಾದೆ" ಎಂದಿತ್ತು. "ಇಂದು ಕಲಿತದ್ದು" ಅನ್ನುವ ಕಡೆ ಏನೂ ಬರೆದಿರಲಿಲ್ಲ.

ಕೋಣೆಯಲ್ಲಿ ಈ ಡೈರಿ ಅವಳ ತೊಡೆಯ ಮೇಲಿತ್ತು. ಒಂದು ಪುಟ ತಿರುವಿದ್ದರೆ ಸಾಕಿತ್ತು. ಯಾಕೆ ತಿರುವಲಿಲ್ಲ? ಆ ಪ್ರಶ್ನೆ ನನ್ನನ್ನು ತಿಂದು ಹಾಕಿತು. ಹೋಗಬೇಕು ಹೋಗಬೇಕು ಎನ್ನುತ್ತ ಎರಡು ವರ್ಷ ಕಳೆದೆ. ಕಡೆಗೆ ಒಂದು ಭಾನುವಾರ ಡೈರಿಯನ್ನು ಚೀಲದಲ್ಲಿಟ್ಟುಕೊಂಡು ಉಪ್ಪಿನಬೆಟಗೇರಿ ಬಸ್ಸು ಹತ್ತಿದೆ. ಅವಳಿಗೂ ಅವಳ ತಂದೆಗೂ ಎಲ್ಲವನ್ನೂ ಹೇಳಿ ಬರುತ್ತೇನೆಂದು ಗಟ್ಟಿ ಮನಸ್ಸು ಮಾಡಿದ್ದೆ.

ಸಣ್ಣ ಮನೆ, ಸಾರಿಸಿದಷ್ಟು ಸ್ವಚ್ಛ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಪುಸ್ತಕಗಳ ಸಾಲು. ಸುಜಾತಾ ಇಳಿದುಹೋಗಿದ್ದಳು. ಒಂದು ಬೀಜದ ಅಂಗಡಿಯಲ್ಲಿ ಬಿಲ್ಲು ಬರೆಯುತ್ತೇನೆ ಅಂದಳು. ಬ್ಯಾಂಕುಗಳಿಗೆ ಅರ್ಜಿ ಹಾಕಿದರೆ ಸಂದರ್ಶನದಲ್ಲಿ ಆ ಒಂದು ವರ್ಷ ಯಾಕೆ ಹೋಯಿತು ಎಂದು ಕೇಳುತ್ತಾರಂತೆ. ತಾಯಿ ಒಳಗೆ ಚಹಾಕ್ಕಿಟ್ಟಿದ್ದರು. ಅವರ ಕೊರಳಲ್ಲಿ ಕರಿಮಣಿ ಬಿಟ್ಟು ಬೇರೇನೂ ಇರಲಿಲ್ಲ. ತಂದೆ ಹೊರಗೆ ಹೋಗಿದ್ದರು.

ನಾನು ಡೈರಿ ತೆಗೆದು ಆ ಪುಟ ಬಿಚ್ಚಿ ಅವಳ ಮುಂದಿಟ್ಟೆ. ಚುಕ್ಕಿ ಏನೆಂದು ಹೇಳಿದೆ, ಅವತ್ತು ಯಾಕೆ ಹೇಳಲಿಲ್ಲ ಎಂದೂ ಹೇಳಿದೆ. ಹೊಟ್ಟೆಕಿಚ್ಚು ಎಂದೇ ಹೇಳಿದೆ.

"ಅವತ್ತು ಇದನ್ನ ಯಾಕ ತೋರಿಸಲಿಲ್ಲ ಸುಜಾತಾ?"

"ಕೆಳಗ ನಿಮ್ಮ ಸಹಿ ಇತ್ತಲ್ರಿ ಮೇಡಂ. ನೀವು ಓದೀರಿ ಅಂತ ತಿಳಕೊಂಡಿದ್ದೆ. ನಿಮಗ ಗೊತ್ತೈತಿ, ನೀವೇ ಹೇಳ್ತೀರಿ ಅಂತ ಕುಂತಿದ್ದೆ."

ಉಳಿದ ಪುಟಗಳಿಗೆ ಸಹಿ ಮಾಡಿಕೊಡಲೇ ಎಂದು ಕೇಳಿದೆ. ಬೇರೇನು ಕೊಡಬೇಕೋ ನನಗೆ ತಿಳಿಯಲಿಲ್ಲ. "ಇನ್ಯಾತಕ್ಕ್ರಿ ಮೇಡಂ" ಅಂದಳು. ಸಿಟ್ಟಿನಿಂದಲ್ಲ. ಅವಳು ಬೈದಿದ್ದರೆ ನಾನು ಹಗುರಾಗಿ ಮನೆಗೆ ಬರುತ್ತಿದ್ದೆನೋ ಏನೋ. ಮಹಾದೇವಿಯ ಸುದ್ದಿ ಏನಾದರೂ ಗೊತ್ತೇ ಎಂದು ಅವಳೇ ಕೇಳಿದಳು. ಚಿಕ್ಕಪ್ಪನ ಮನೆಯಲ್ಲೇ ಇದ್ದಾಳಂತೆ, ಗಂಡ ಕರೆಯಲಿಲ್ಲವಂತೆ ಅಂದೆ. ಅವಳು ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಅಷ್ಟರಲ್ಲಿ ತಂದೆ ಬಂದರು. ಚಹಾ ಕುಡಿಯುವಾಗ ಹಳ್ಳಿಯ ಶಾಲೆ, ಮಳೆ ಅಂತ ಅದೂ ಇದೂ ಮಾತಾಡಿದರು. ಹೇಳಬೇಕೆಂದು ನಾನು ಎರಡು ಸಲ ಬಾಯಿ ತೆರೆದು ಮುಚ್ಚಿದೆ. ಬೇಡವೆಂದರೂ ಕೇಳದೆ ನನ್ನ ಚೀಲ ತಾವೇ ಹಿಡಿದುಕೊಂಡು ಬಸ್ ನಿಲ್ದಾಣದವರೆಗೂ ಬಂದರು. ಅಲ್ಲಿ ನಾವಿಬ್ಬರೇ ಇದ್ದೆವು.

"ಮೇಡಂ, ಭಾಳ ದಿನದಿಂದ ನಿಮಗೊಂದು ಮಾತು ಹೇಳಬೇಕಂತ ಇತ್ರಿ" ಅಂದರು ಅವರು. "ನೀವು ಎಲ್ಲಾ ಹೇಳಿಕೊಟ್ಟಿದ್ರಿ, ನಮ್ಮ ಹುಡುಗಿ ಮರತು ತಪ್ಪು ಮಾಡಿದ್ಲು. ಒಂದು ಸಂಸಾರ ಒಡೀತು. ನಿಮ್ಮ ಹೆಸರಿಗೂ ಮಸಿ ಹತ್ತೂದಿತ್ತು. ಆಕಿ ಪರವಾಗಿ ನಾ ಕ್ಷಮಾ ಕೇಳ್ತೇನ್ರಿ." ಚೀಲವನ್ನು ಕೆಳಗಿಟ್ಟು ಕೈಮುಗಿದರು. "ಆಕಿ ನಿಮ್ಮ ಬಗ್ಗೆ ಇವತ್ತಿಗೂ ಒಂದು ಕೆಟ್ಟ ಮಾತು ಆಡಿಲ್ರಿ."

ಬಸ್ಸು ಬಂತು. ನಾನು ಅವರ ಕೈಯನ್ನು ಕೆಳಗೆ ಮಾಡಿ, "ಇರಲಿ ಬಿಡ್ರಿ ಸರ್" ಅಂದೆ. ಇರಲಿ ಬಿಡ್ರಿ ಅಂದೆ! ಚೀಲ ಎತ್ತಿಕೊಂಡು ಬಸ್ಸು ಹತ್ತಿದೆ. ಕಿಟಕಿಯಿಂದ ನೋಡಿದರೆ ಅವರು ಇನ್ನೂ ಕೈಮುಗಿದೇ ನಿಂತಿದ್ದರು.

ಮತ್ತೊಮ್ಮೆ ಹೋಗುವ ಧೈರ್ಯ ನನಗಿಲ್ಲ. ಅದಕ್ಕೇ ಇದನ್ನು ಬರೆದೆ. ಮಾಸ್ತರೇ, ನೀವು ಪುಸ್ತಕ ಓದುವವರು, ಇದು ಎಂದಾದರೂ ನಿಮ್ಮ ಕೈಗೆ ಬರಬಹುದು. ನಿಮ್ಮ ಮಗಳು ಏನನ್ನೂ ಮರೆತಿರಲಿಲ್ಲ. ಅವಳು ಕೇಳಿದ್ದಳು. ನಾನೇ ಹೇಳಿಕೊಟ್ಟಿರಲಿಲ್ಲ.